ಹಳೆಯ ಹಾಲಿವುಡ್‌ನ ಸ್ಕ್ರೂಬಾಲ್ ಕಾಮಿಡಿಗಳು: ಎಲ್ಲಿಂದ ಆರಂಭಿಸಬೇಕು, ಹೇಗೆ ನೋಡಬೇಕು

1934ರಿಂದ 1940ರ ದಶಕದ ಮೊದಲ ವರ್ಷಗಳವರೆಗೆ ಹಾಲಿವುಡ್‌ನ ಸ್ಟುಡಿಯೋಗಳು ಒಂದು ವಿಶಿಷ್ಟ ಬಗೆಯ ಪ್ರಣಯ ಹಾಸ್ಯಚಿತ್ರಗಳನ್ನು ತಯಾರಿಸಿದವು. ಹಟಮಾರಿ ಹೆಣ್ಣು, ತನಗೆ ಎಲ್ಲವೂ ಗೊತ್ತಿದೆ ಎಂದು ನಂಬಿದ ಗಂಡು, ತಲೆಕೆಟ್ಟ ಶ್ರೀಮಂತ ಕುಟುಂಬ, ಉಸಿರು ಬಿಡದಂತೆ ಸಾಗುವ ಮಾತು, ಮತ್ತು ಮದುವೆಯಲ್ಲೋ ಮರುಮದುವೆಯಲ್ಲೋ ಮುಗಿಯುವ ಜಗಳ ಇವುಗಳ ಸಾಮಗ್ರಿ. ಇವುಗಳಿಗೆ ಸ್ಕ್ರೂಬಾಲ್ ಕಾಮಿಡಿಗಳೆಂದು ಹೆಸರು. ಸಾರ್ವಕಾಲಿಕ ಶ್ರೇಷ್ಠ ಹಾಸ್ಯಚಿತ್ರಗಳ ಯಾವುದಾದರೊಂದು ಪಟ್ಟಿಯನ್ನು ನೋಡಿ, ಕೈಗೆ ಸಿಕ್ಕ ಚಿತ್ರವನ್ನು ಹಾಕಿಕೊಂಡು, ಅರ್ಧ ಗಂಟೆಯಲ್ಲಿ ಬೇಸತ್ತು ನಿಲ್ಲಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಚಿತ್ರ ಹಳೆಯದು, ಕಪ್ಪು-ಬಿಳುಪಿನದು ಎಂಬುದು ಅದಕ್ಕೆ ಕಾರಣವಲ್ಲ. ಈ ಚಿತ್ರಗಳಲ್ಲಿ ಪ್ರೇಮವೂ ಹೊಡೆದಾಟವೂ ನಡೆಯುವುದು ಮಾತಿನಲ್ಲಿ. ಆದ್ದರಿಂದ ಇವುಗಳನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಹಿಡಿಯಬೇಕು, ಮತ್ತು ಕಿವಿ ಪಳಗುವ ಕ್ರಮದಲ್ಲಿ ನೋಡಬೇಕು. ಅಂಥ ಒಂದು ಕ್ರಮವನ್ನು ಇಲ್ಲಿ ಸೂಚಿಸಿದೆ.

ಮೊದಲು ಒಳ್ಳೆಯ ಪ್ರತಿಯನ್ನು ಹುಡುಕಿಕೊಳ್ಳಿ

‘ಮೈ ಮ್ಯಾನ್ ಗಾಡ್‌ಫ್ರೀ’, ‘ಹಿಸ್ ಗರ್ಲ್ ಫ್ರೈಡೇ’, ‘ನಥಿಂಗ್ ಸೇಕ್ರೆಡ್’ ಮುಂತಾದ ಕೆಲವು ಚಿತ್ರಗಳ ಹಕ್ಕುಸ್ವಾಮ್ಯವನ್ನು ಸಕಾಲದಲ್ಲಿ ನವೀಕರಿಸದೆ ಹೋದುದರಿಂದ ಅವು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿವೆ. ಹೀಗಾಗಿ ಅಂತರ್ಜಾಲದಲ್ಲಿ ಅವುಗಳ ಉಚಿತ ಪ್ರತಿಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ನಕಲಿನ ನಕಲು. ಚಿತ್ರ ಮಸುಕಾಗಿರುವುದನ್ನು ಹೇಗೋ ಸಹಿಸಬಹುದು. ಧ್ವನಿ ಕೆಟ್ಟಿದ್ದರೆ ಮಾತ್ರ ಈ ಬಗೆಯ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ. ಇಲ್ಲಿ ಹೆಸರಿಸುವ ಮುಖ್ಯ ಚಿತ್ರಗಳ ಪುನರುಜ್ಜೀವಿತ ಆವೃತ್ತಿಗಳನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಹೊರತಂದಿದೆ. ಆ ಮಟ್ಟದ ಪ್ರತಿ ಸಿಗುವ ಹಾಗಿದ್ದರೆ ಉಚಿತ ಪ್ರತಿಯ ಮೋಹವನ್ನು ಬಿಡುವುದೇ ಲೇಸು. ನಂತರದ ಕಾಲದಲ್ಲಿ ಬಣ್ಣ ತುಂಬಿದ ಆವೃತ್ತಿಗಳ ಕಡೆಗಂತೂ ಹೋಗಲೇಬೇಡಿ.

ಆ ಕಾಲದ ಚಿತ್ರಗಳ ಚೌಕಟ್ಟು ಇಂದಿನ ಟಿ.ವಿ. ಪರದೆಯಷ್ಟು ಅಗಲವಿಲ್ಲ, ಎತ್ತರದ ಒಂದೂಕಾಲು ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಟಿ.ವಿ. ತಾನಾಗಿಯೇ ಚಿತ್ರವನ್ನು ಎಳೆದು ಪರದೆ ತುಂಬಿಸುತ್ತಿದ್ದರೆ ಆ ಸೌಲಭ್ಯವನ್ನು ಬಂದ್ ಮಾಡಿ, ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಇರಲು ಬಿಡಿ. ಇಂಗ್ಲಿಷ್ ಚೆನ್ನಾಗಿ ಬರುವವರೂ ಮೊದಲ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೇ ನೋಡುವುದು ಒಳ್ಳೆಯದು, ಏಕೆಂದರೆ 1930ರ ದಶಕದ ಆಡುನುಡಿ, ರಂಗಭೂಮಿಯಿಂದ ಬಂದ ಅರೆ-ಬ್ರಿಟಿಷ್ ಉಚ್ಚಾರಣೆ ಮತ್ತು ಇಬ್ಬರು ಒಟ್ಟಿಗೆ ಮಾತನಾಡುವ ರೂಢಿ ಮೂರೂ ಸೇರಿದಾಗ ಪಳಗಿದ ಕಿವಿಯೂ ಸೋಲುತ್ತದೆ. ಯಂತ್ರವೇ ತಯಾರಿಸಿದ ಸಬ್‌ಟೈಟಲ್‌ಗಳನ್ನು ನಂಬಬೇಡಿ. ಇಬ್ಬರು ಒಮ್ಮೆಗೇ ಬಾಯಿ ತೆರೆದ ಕಡೆಯಲ್ಲೆಲ್ಲ ಅವು ಕೈಕೊಡುತ್ತವೆ. ಹೆಚ್ಚಿನವು ಒಂದೂವರೆ ಗಂಟೆಯ ಆಸುಪಾಸಿನ ಚಿತ್ರಗಳು; ಒಂದೇ ಕೂತಿನಲ್ಲಿ ನೋಡಿ ಮುಗಿಸಿ.

ಅಷ್ಟಿಷ್ಟು ಹಿನ್ನೆಲೆ ತಿಳಿದಿರಲಿ

1929ರ ಷೇರುಪೇಟೆಯ ಕುಸಿತದ ನಂತರ ಅಮೆರಿಕ ಮಹಾ ಆರ್ಥಿಕ ಕುಸಿತಕ್ಕೆ ಸಿಲುಕಿತು. 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಟಿಕೆಟ್ ಕೊಂಡು ಒಳಗೆ ಬಂದ ಅದೇ ಜನ ತೆರೆಯ ಮೇಲೆ ಕಂಡದ್ದು ಮಹಲುಗಳನ್ನು, ರೇಷ್ಮೆ ಗೌನುಗಳನ್ನು, ಮತ್ತು ಆ ಮಹಲುಗಳಲ್ಲಿ ಬದುಕುವವರ ಪೆದ್ದುತನವನ್ನು. ಶ್ರೀಮಂತರನ್ನು ಗೇಲಿ ಮಾಡಿಯೂ ಅವರ ಮನೆಯ ಸೊಗಸನ್ನು ಕಣ್ತುಂಬ ನೋಡಿಕೊಳ್ಳುವ ಈ ಇಬ್ಬಂದಿತನ ಈ ಚಿತ್ರಗಳಲ್ಲಿ ಕೊನೆಯವರೆಗೂ ಉಳಿಯುತ್ತದೆ.

ಎರಡನೆಯದು ಸೆನ್ಸಾರ್. ಚಿತ್ರೋದ್ಯಮವು 1930ರಲ್ಲೇ ತನಗೆ ತಾನೇ ಒಂದು ನೀತಿಸಂಹಿತೆಯನ್ನು ಬರೆದುಕೊಂಡಿತ್ತಾದರೂ ಅದು ಬಿಗಿಯಾಗಿ ಜಾರಿಗೆ ಬಂದದ್ದು 1934ರ ಮಧ್ಯಭಾಗದಲ್ಲಿ, ಜೋಸೆಫ್ ಬ್ರೀನ್ ಅವರ ಕಚೇರಿಯ ಮೂಲಕ. ಗಂಡು-ಹೆಣ್ಣಿನ ಸೆಳೆತವನ್ನು ನೇರವಾಗಿ ತೋರಿಸುವಂತಿರಲಿಲ್ಲ. ಆದುದರಿಂದ ಬರಹಗಾರರು ಅದನ್ನು ವಾದಕ್ಕೆ, ಚೇಷ್ಟೆಗೆ, ಬೆನ್ನಟ್ಟುವಿಕೆಗೆ ವರ್ಗಾಯಿಸಿದರು. ಜಗಳ ಜೋರಾದಷ್ಟೂ ಪ್ರೀತಿ ಗಾಢವಾಗಿದೆ ಎಂದು ಪ್ರೇಕ್ಷಕರೇ ಅರ್ಥ ಮಾಡಿಕೊಳ್ಳಬೇಕಾಗಿತ್ತು.

ವಿಚ್ಛೇದನದ ಕಾನೂನನ್ನು ತಿಳಿದಿದ್ದರೆ ಹಲವು ಕಥೆಗಳ ಕೀಲಿ ಸಿಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಆಗ ವ್ಯಭಿಚಾರವನ್ನು ಸಾಬೀತುಪಡಿಸದೆ ವಿಚ್ಛೇದನ ಸಿಗುತ್ತಿರಲಿಲ್ಲ. ನೆವಾಡ ರಾಜ್ಯವು 1931ರಲ್ಲಿ ಕೇವಲ ಆರು ವಾರಗಳ ವಾಸವನ್ನು ಸಾಕೆಂದು ಒಪ್ಪಿದ ಮೇಲೆ ಅನುಕೂಲಸ್ಥರು ಅಲ್ಲಿನ ರೀನೋ ನಗರಕ್ಕೆ ಹೋಗಿ ಬಿಡುಗಡೆ ಪಡೆದು ಬರುತ್ತಿದ್ದರು. ಚಿತ್ರದಲ್ಲಿ ಯಾರಾದರೂ ರೀನೋ ಎಂದೊಡನೆ ವಿಚ್ಛೇದನ ಎಂದು ತಿಳಿಯಿರಿ. ವಿವಾಹಿತ ಹೆಣ್ಣು ಪರಪುರುಷನೊಡನೆ ಸಲ್ಲಾಪ ನಡೆಸುವುದನ್ನು ಸೆನ್ಸಾರ್ ಒಪ್ಪುತ್ತಿರಲಿಲ್ಲ. ಆ ಪುರುಷ ಅವಳ ಮಾಜಿ ಗಂಡನೇ ಆಗಿದ್ದರೆ ಆಕ್ಷೇಪಿಸುವುದು ಕಷ್ಟವಾಗುತ್ತಿತ್ತು. ಬೇರೆಯಾದ ದಂಪತಿ ಮತ್ತೆ ಒಂದಾಗುವ ಕಥೆಗಳು ಈ ಪ್ರಕಾರದಲ್ಲಿ ಇಷ್ಟೊಂದು ಇರುವುದರ ಹಿಂದೆ ಈ ಜಾಣತನವೂ ಇದೆ.

ಮೊದಲ ಚಿತ್ರ: ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934)

ಕನ್ನಡದ ಪ್ರೇಕ್ಷಕರು ಇಲ್ಲಿಂದಲೇ ಆರಂಭಿಸಬೇಕೆನ್ನಲು ಒಂದು ಬಲವಾದ ಕಾರಣವಿದೆ. ಇದರ ಕಥೆ ನಮಗೆ ಆಗಲೇ ಗೊತ್ತು. ರಾಜ್ ಕಪೂರ್-ನರ್ಗಿಸ್ ಜೋಡಿಯ ‘ಚೋರಿ ಚೋರಿ’ (1956), ಆಮೀರ್ ಖಾನ್-ಪೂಜಾ ಭಟ್ ನಟಿಸಿದ ‘ದಿಲ್ ಹೈ ಕೆ ಮಾನ್‌ತಾ ನಹೀ’ (1991), ಅದರ ಜಾಡಿನಲ್ಲಿ ಬಂದ ಗಣೇಶ್-ರೇಖಾ ಅವರ ‘ಹುಡುಗಾಟ’ (2007) ಇವೆಲ್ಲದರ ಮೂಲ ಇಲ್ಲಿದೆ. ಮನೆ ಬಿಟ್ಟು ಓಡಿದ ಶ್ರೀಮಂತರ ಮಗಳು, ಬಸ್ಸಿನಲ್ಲಿ ಗಂಟುಬೀಳುವ ಪತ್ರಕರ್ತ, ಕೊನೆಯಲ್ಲಿ ಮಂಟಪದಿಂದ ಪಲಾಯನ. ಮುಂದೇನು ಎಂಬ ಚಿಂತೆ ಇಲ್ಲದಿರುವುದರಿಂದ ಗಮನವನ್ನೆಲ್ಲ ಮಾತಿನ ಕಡೆಗೆ ಹರಿಸಬಹುದು.

ನಿರ್ದೇಶಕ ಫ್ರ್ಯಾಂಕ್ ಕಾಪ್ರಾ, ಚಿತ್ರಕಥೆ ರಾಬರ್ಟ್ ರಿಸ್ಕಿನ್. ಆಗ ಸಣ್ಣ ಸ್ಟುಡಿಯೋ ಆಗಿದ್ದ ಕೊಲಂಬಿಯಾ, ದೊಡ್ಡ ಸ್ಟುಡಿಯೋ ಎಂಜಿಎಂನಿಂದ ಕ್ಲಾರ್ಕ್ ಗೇಬಲ್‌ರನ್ನು ಎರವಲು ತಂದಿತು. ಕ್ಲಾಡೆಟ್ ಕೋಲ್ಬೇರ್‌ಗೆ ನಾಲ್ಕು ವಾರಗಳೊಳಗೆ ಕೆಲಸ ಮುಗಿಸುವ ಭರವಸೆ ಕೊಟ್ಟು ಒಪ್ಪಿಸಿತು. ಹೆಚ್ಚು ನಿರೀಕ್ಷೆಯಿಲ್ಲದೆ ತಯಾರಾದ ಈ ಚಿತ್ರ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ ಎಂಬ ಐದೂ ಪ್ರಮುಖ ಆಸ್ಕರ್‌ಗಳನ್ನು ಬಾಚಿಕೊಂಡಿತು.

ನೋಡುವಾಗ ಹಣದ ಲೆಕ್ಕವನ್ನು ಹಿಂಬಾಲಿಸಿ. ಬಸ್ಸಿನಲ್ಲಿ ನಾಯಕಿ ಎಲ್ಲೀ ಚಾಕಲೇಟ್ ಪೆಟ್ಟಿಗೆ ಕೊಳ್ಳಲು ಹೊರಟಾಗ ಪತ್ರಕರ್ತ ಪೀಟರ್ ತಡೆಯುತ್ತಾನೆ. ಬಾಡಿಗೆ ಕೋಣೆಯ ನಡುವೆ ಹಗ್ಗಕ್ಕೆ ಕಂಬಳಿ ತೂಗುಹಾಕುವುದಕ್ಕೂ ಎರಡು ಕೋಣೆಗಳಿಗೆ ದುಡ್ಡಿಲ್ಲದಿರುವುದೇ ಕಾರಣ. (ಆ ಕಂಬಳಿ ಸೆನ್ಸಾರಿನ ಒತ್ತಾಯದಿಂದ ಬಂದದ್ದೆಂದು ಭಾವಿಸಬೇಡಿ, ನೀತಿಸಂಹಿತೆ ಬಿಗಿಯಾಗುವ ಕೆಲವು ತಿಂಗಳ ಮೊದಲೇ ಚಿತ್ರ ತೆರೆಕಂಡಿತ್ತು.) ಮಗಳನ್ನು ಪತ್ತೆಹಚ್ಚಿದವರಿಗೆ ತಂದೆ 10,000 ಡಾಲರ್ ಬಹುಮಾನ ಘೋಷಿಸಿರುತ್ತಾನೆ, ಪೀಟರ್ ಕೊನೆಗೆ ಹೋಗಿ ಕೇಳುವುದು ದಾರಿಖರ್ಚಿನ 39 ಡಾಲರ್ 60 ಸೆಂಟ್ ಮಾತ್ರ. ಅವನು ಪ್ರೀತಿಸುತ್ತಿದ್ದಾನೆಂದು ತಂದೆಗೆ ಮನದಟ್ಟಾಗುವುದು ಆ ಚಿಲ್ಲರೆ ಮೊತ್ತದಿಂದ.

ಎರಡನೆಯದು: ‘ದಿ ಆಫುಲ್ ಟ್ರೂತ್’ (1937)

ಪರಸ್ಪರ ಸಂಶಯಪಟ್ಟು ನ್ಯಾಯಾಲಯಕ್ಕೆ ಹೋದ ಗಂಡ-ಹೆಂಡತಿ, ನಾಯಿ ಯಾರ ಪಾಲಿಗೆಂದು ಅಲ್ಲಿ ಕಿತ್ತಾಡುತ್ತಾರೆ. ತೀರ್ಪು ಪೂರ್ಣವಾಗಿ ಜಾರಿಗೆ ಬರುವುದಕ್ಕಿರುವ ಅವಧಿಯಲ್ಲಿ ಇಬ್ಬರೂ ಬೇರೆಯವರನ್ನು ಹುಡುಕಿಕೊಂಡು, ಒಬ್ಬರ ಪ್ರಯತ್ನವನ್ನು ಇನ್ನೊಬ್ಬರು ಕೆಡಿಸುತ್ತ ಹೋಗುತ್ತಾರೆ. ಕಥೆ ಎಂದರೆ ಇಷ್ಟೇ. ನಿರ್ದೇಶಕ ಲಿಯೋ ಮೆಕ್‌ಕೇರಿ ಸಿದ್ಧ ಚಿತ್ರಕಥೆಗೆ ಅಂಟಿಕೊಳ್ಳದೆ ಸೆಟ್ಟಿನಲ್ಲಿಯೇ ದೃಶ್ಯಗಳನ್ನು ಕಟ್ಟುತ್ತಿದ್ದರು. ಆ ಪದ್ಧತಿಗೆ ಬೆದರಿದ ಕೇರಿ ಗ್ರಾಂಟ್ ಚಿತ್ರದಿಂದ ಹೊರಬರಲು ಪ್ರಯತ್ನಿಸಿದ್ದರು. ಮುಂದೆ ಅವರನ್ನು ಪ್ರಥಮ ಶ್ರೇಣಿಯ ತಾರೆಯನ್ನಾಗಿಸಿದ್ದು ಇದೇ ಚಿತ್ರ. ಮೆಕ್‌ಕೇರಿಗೆ ಇದಕ್ಕಾಗಿ ನಿರ್ದೇಶನದ ಆಸ್ಕರ್ ಬಂತು.

ಗ್ರಾಂಟ್ ಹುಟ್ಟಿದ್ದು 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಿನಲ್ಲಿ. ಹುಡುಗನಾಗಿದ್ದಾಗಲೇ ಲಾಗ ಹೊಡೆಯುವ ಕಸರತ್ತಿನ ತಂಡವೊಂದನ್ನು ಸೇರಿ ಅದರೊಡನೆ ಅಮೆರಿಕಕ್ಕೆ ಬಂದವರು. ಆ ತರಬೇತಿಯ ಫಲವನ್ನು ಗಾನಸಭೆಯ ದೃಶ್ಯದಲ್ಲಿ ಕಾಣಬಹುದು. ಹೆಂಡತಿಯನ್ನು ಯಾರೊಡನೆಯೋ ಹಿಡಿದುಬಿಡುವ ಹುಮ್ಮಸ್ಸಿನಲ್ಲಿ ನುಗ್ಗಿದವನು, ಅವಳು ಸಭ್ಯ ಶ್ರೋತೃಗಳ ಮುಂದೆ ಹಾಡುತ್ತ ನಿಂತಿರುವುದನ್ನು ಕಂಡು ಹಿಂದಿನ ಕುರ್ಚಿಯಲ್ಲಿ ಕೂರುತ್ತಾನೆ, ಮತ್ತು ಕುರ್ಚಿಯೊಂದಿಗೆ ಉರುಳುತ್ತಾನೆ. ಬೀಳುವುದನ್ನು ನೋಡಿ ನಕ್ಕಾದ ಮೇಲೆ ಐರೀನ್ ಡನ್ ಕಡೆಗೆ ಗಮನ ಕೊಡಿ: ಹಾಡನ್ನು ನಿಲ್ಲಿಸದೆ, ಕೊನೆಯ ಸ್ವರಗಳ ಒಳಗೇ ಒಂದು ಸಣ್ಣ ನಗುವನ್ನು ಸೇರಿಸಿ ಮುಗಿಸುತ್ತಾರೆ. ಅವಳು ಅವನನ್ನು ಬಿಟ್ಟಿಲ್ಲ ಎಂಬುದು ಆ ನಗುವಿನಲ್ಲೇ ಬಯಲಾಗುತ್ತದೆ. ಐದು ಬಾರಿ ನಾಮನಿರ್ದೇಶನಗೊಂಡರೂ ಡನ್‌ಗೆ ಆಸ್ಕರ್ ದೊರೆಯಲಿಲ್ಲ. ಈ ಒಂದು ನಗುವಿಗಾದರೂ ಕೊಡಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಓಕ್ಲಹಾಮದ ಸಾಧು ಗಂಡಾಗಿ ಬರುವ ರಾಲ್ಫ್ ಬೆಲಮಿಯ ಮುಖವನ್ನು ನೆನಪಿಟ್ಟುಕೊಳ್ಳಿ. ಹುಡುಗಿ ಕೈತಪ್ಪಿ ಹೋಗುವ ಸಜ್ಜನನ ಪಾತ್ರಕ್ಕೆ ಅವರು ಹೇಳಿ ಮಾಡಿಸಿದವರು, ಮತ್ತು ಮುಂದೆ ಮತ್ತೆ ಎದುರಾಗುತ್ತಾರೆ.

ಮೂರನೆಯದು: ‘ಮೈ ಮ್ಯಾನ್ ಗಾಡ್‌ಫ್ರೀ’ (1936)

ಇಸವಿಯ ಪ್ರಕಾರ ಇದು ಮೊದಲು ಬರಬೇಕು. ಆದರೂ ಮೂರನೆಯದಾಗಿ ನೋಡಿ, ಏಕೆಂದರೆ ಇದರಲ್ಲಿ ಒಂದು ಇಡೀ ಕುಟುಂಬ ಒಮ್ಮೆಗೇ ಮಾತನಾಡುತ್ತದೆ. ನ್ಯೂಯಾರ್ಕಿನ ಸಿರಿವಂತರು ವಿಚಿತ್ರ ವಸ್ತುಗಳನ್ನು ಹುಡುಕಿ ತರುವ ಪಂದ್ಯವಾಡುತ್ತಿರುತ್ತಾರೆ. ಪಟ್ಟಿಯ ಕೊನೆಯ ವಸ್ತು ಒಬ್ಬ ನಿರ್ಗತಿಕ ಮನುಷ್ಯ. ನದಿದಂಡೆಯ ಕಸದ ರಾಶಿಯ ಬಳಿ ಗುಡಿಸಲು ಹಾಕಿಕೊಂಡವನನ್ನು ಅಕ್ಕ-ತಂಗಿ ಇಬ್ಬರೂ ತರಲು ಹೋಗುತ್ತಾರೆ, ತಂಗಿ ಗೆದ್ದು ಅವನನ್ನು ಮನೆಯ ಬಟ್ಲರ್ ಆಗಿ ನೇಮಿಸಿಕೊಳ್ಳುತ್ತಾಳೆ. ವಿಲಿಯಂ ಪೊವೆಲ್ ಮತ್ತು ಕ್ಯಾರೊಲ್ ಲೊಂಬಾರ್ಡ್ ನಿಜಜೀವನದಲ್ಲಿ ದಂಪತಿಗಳಾಗಿದ್ದು 1933ರಲ್ಲಿ ಬೇರೆಯಾದವರು; ಲೊಂಬಾರ್ಡ್ ಜೊತೆ ನಟಿಸಲು ಪೊವೆಲ್‌ಗೆ ಅದೇನೂ ಅಡ್ಡಿಯಾಗಲಿಲ್ಲ. ನಟನೆಯ ನಾಲ್ಕೂ ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದ ಮೊದಲ ಚಿತ್ರವಿದು.

ಮೊದಲ ಇಪ್ಪತ್ತು ನಿಮಿಷಗಳಷ್ಟು ಹರಿತವಾಗಿ ಉಳಿದದ್ದು ಇಲ್ಲ. ಗಾಡ್‌ಫ್ರೀ ಕೂಡ ಬಾಸ್ಟನ್ನಿನ ದೊಡ್ಡ ಮನೆತನದವನೇ ಎಂದು ತಿಳಿದುಬರುವುದೂ, ಕಸದ ರಾಶಿ ಇದ್ದ ಜಾಗದಲ್ಲಿ ನೈಟ್‌ಕ್ಲಬ್ ಎದ್ದು ಎಲ್ಲರಿಗೂ ಕೆಲಸ ಸಿಗುವುದೂ ತೀರ ಸುಲಭದ ಪರಿಹಾರಗಳು. ಲೊಂಬಾರ್ಡ್‌ಗಾಗಿ ನೋಡಿ: ಯೋಚನೆ ಮುಗಿಯುವ ಮೊದಲೇ ಮಾತು ಹೊರಬೀಳುವ ಹುಡುಗಿಯನ್ನು ಅವರಷ್ಟು ನಂಬುವಂತೆ ಮಾಡಿದವರು ಕಡಿಮೆ.

ನಾಲ್ಕನೆಯದು: ‘ಹಿಸ್ ಗರ್ಲ್ ಫ್ರೈಡೇ’ (1940)

ಇಷ್ಟು ಹೊತ್ತಿಗೆ ಕಿವಿ ಸಿದ್ಧವಾಗಿರುತ್ತದೆ. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮೆಕಾರ್ಥರ್ 1928ರಲ್ಲಿ ರಂಗಕ್ಕೆ ತಂದ ಪತ್ರಿಕಾ ಲೋಕದ ನಾಟಕದಲ್ಲಿ ಸಂಪಾದಕನೂ ಅವನ ವರದಿಗಾರ ಹಿಲ್ಡಿಯೂ ಇಬ್ಬರೂ ಗಂಡಸರು. ನಿರ್ದೇಶಕ ಹೊವಾರ್ಡ್ ಹಾಕ್ಸ್ ಹಿಲ್ಡಿಯನ್ನು ಹೆಂಗಸನ್ನಾಗಿ, ಸಂಪಾದಕನ ಮಾಜಿ ಹೆಂಡತಿಯನ್ನಾಗಿ ಬದಲಾಯಿಸಿದರು. ವಿಮಾ ಏಜೆಂಟನೊಬ್ಬನನ್ನು ಮದುವೆಯಾಗಿ ಪತ್ರಿಕೋದ್ಯಮ ಬಿಡಲು ಹೊರಟ ಅವಳನ್ನು, ಗಲ್ಲಿಗೆ ಹೋಗಲಿರುವ ಕೈದಿಯೊಬ್ಬನ ಸುದ್ದಿಯ ಗಾಳ ಹಾಕಿ ಸಂಪಾದಕ (ಕೇರಿ ಗ್ರಾಂಟ್) ಹಿಡಿದಿಡುತ್ತಾನೆ. ವಿಮಾ ಏಜೆಂಟನ ಪಾತ್ರದಲ್ಲಿ ಮತ್ತದೇ ರಾಲ್ಫ್ ಬೆಲಮಿ. ಅವನ ಗುರುತು ಹೇಳುವಾಗ ಸಂಪಾದಕನು, ಸಿನಿಮಾದಲ್ಲಿ ಬರುವ ರಾಲ್ಫ್ ಬೆಲಮಿಯ ಹಾಗಿದ್ದಾನೆ ಎಂದೇ ಹೇಳುತ್ತಾನೆ. ಇನ್ನೊಂದು ಕಡೆ ಆರ್ಚಿ ಲೀಚ್ ಎಂಬೊಬ್ಬನ ದುರ್ಗತಿಯ ಪ್ರಸ್ತಾಪ ಬರುತ್ತದೆ. ಆ ಹೆಸರು ಯಾರದೆಂದು ಓದುಗರಿಗೆ ಈಗ ಗೊತ್ತಿದೆ.

ಇದರ ಮಾತಿನ ವೇಗಕ್ಕೆ ಒಂದು ತಂತ್ರವಿದೆ. ಒಂದು ಸಾಲಿನ ಮೊದಲ ಮತ್ತು ಕೊನೆಯ ಪದಗಳು ಕೇಳದಿದ್ದರೂ ಅರ್ಥ ಕೆಡದಂತೆ ಸಂಭಾಷಣೆಯನ್ನು ಬರೆಯಿಸಿ, ಆ ಎರಡು ತುದಿಗಳ ಮೇಲೆ ಇನ್ನೊಬ್ಬರ ಮಾತು ಏರುವಂತೆ ಹಾಕ್ಸ್ ಆಡಿಸಿದರು. ಆದ್ದರಿಂದ ಪ್ರತಿಯೊಂದು ಪದವನ್ನೂ ಹಿಡಿಯಲು ಹೆಣಗಬೇಡಿ. ಸಾಲಿನ ನಡುವಿನದು ಸಿಕ್ಕರೆ ಸಾಕು. ಆರಂಭದ ದೃಶ್ಯದಲ್ಲಿ ಹಿಲ್ಡಿಯ ಪಾತ್ರದ ರೊಸಾಲಿಂಡ್ ರಸೆಲ್ ಪಟ್ಟೆಪಟ್ಟೆಯ ಕೋಟು ಹ್ಯಾಟು ತೊಟ್ಟು ಪತ್ರಿಕಾ ಕಚೇರಿಯ ಉದ್ದಕ್ಕೂ ಎಲ್ಲರನ್ನೂ ಮಾತನಾಡಿಸುತ್ತ ನಡೆಯುವ ರೀತಿಯನ್ನು, ಭಾವಿ ಗಂಡ ಗೇಟಿನ ಆಚೆ ಕಾಯುತ್ತ ನಿಲ್ಲುವುದನ್ನು ಜೊತೆಗಿಟ್ಟು ನೋಡಿ. ಅವಳು ಎಲ್ಲಿಗೆ ಸೇರಿದವಳೆಂಬುದು ಅಲ್ಲೇ ತೀರ್ಮಾನವಾಗಿದೆ. ಈ ಪಾತ್ರವನ್ನು ಹಲವು ನಟಿಯರು ಬೇಡವೆಂದ ಮೇಲೆ ರಸೆಲ್‌ಗೆ ಬಂದದ್ದು. ಗ್ರಾಂಟ್‌ರ ಪಾಲಿಗೆ ಹೆಚ್ಚು ಚುರುಕಿನ ಸಾಲುಗಳಿವೆ ಎನ್ನಿಸಿ, ಅವರು ಸ್ವಂತ ಖರ್ಚಿನಲ್ಲಿ ಒಬ್ಬ ಬರಹಗಾರನನ್ನಿಟ್ಟುಕೊಂಡು ತಮ್ಮ ಮಾತುಗಳನ್ನು ಗುಟ್ಟಾಗಿ ಹರಿತಗೊಳಿಸಿಕೊಂಡರು.

ಈ ಚಿತ್ರವನ್ನು ಎರಡು ಸಲ ನೋಡಬೇಕು. ಎರಡನೆಯ ಸಲ ಸಬ್‌ಟೈಟಲ್ ತೆಗೆದುಬಿಡಿ, ಮತ್ತು ಪತ್ರಕರ್ತರ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆ ಟೆಲಿಫೋನುಗಳಲ್ಲಿ ಬೇರೆ ಬೇರೆಯವರೊಂದಿಗೆ ಅರಚುತ್ತಲೇ ಪರಸ್ಪರ ಜಗಳವನ್ನೂ ಮುಂದುವರಿಸುವ ಭಾಗವನ್ನು ಸುಮ್ಮನೆ ಕೇಳಿ. ನಗುವಿನ ನಡುವೆ ಕೈದಿಯ ಸಾವು-ಬದುಕಿನ ಬಗ್ಗೆ ಆ ಕೋಣೆಯಲ್ಲಿ ಯಾರಿಗೂ ಚಿಂತೆಯಿಲ್ಲ ಎಂಬ ಕಹಿಯೂ ಆಗ ಹೆಚ್ಚು ಗೋಚರಿಸುತ್ತದೆ.

ಐದನೆಯದು: ‘ಬ್ರಿಂಗಿಂಗ್ ಅಪ್ ಬೇಬಿ’ (1938)

ಪಟ್ಟಿಗಳಲ್ಲಿ ಇದಕ್ಕೆ ಯಾವಾಗಲೂ ಮೊದಲ ಸಾಲು. ಹೊಸಬರು ಇದರಿಂದ ಆರಂಭಿಸಿ ಓಡಿಹೋಗುವುದೂ ಅದರಿಂದಲೇ. ಡೈನೋಸಾರ್ ಅಸ್ಥಿಪಂಜರದ ಕೊನೆಯ ಮೂಳೆಗಾಗಿ ಕಾಯುತ್ತಿರುವ ವಿಜ್ಞಾನಿ, ಅವನನ್ನು ಬೆನ್ನುಬಿಡದ ಸೂಸನ್, ಬೇಬಿ ಎಂಬ ಹೆಸರಿನ ಚಿರತೆ, ಮೂಳೆಯನ್ನು ಎಲ್ಲೋ ಹೂತಿಡುವ ನಾಯಿ. ಉಸಿರಾಡಲು ಒಬ್ಬನಾದರೂ ಸಮಚಿತ್ತದ ಪಾತ್ರ ಇಲ್ಲಿಲ್ಲ, ಅದಕ್ಕಾಗಿಯೇ ಇದನ್ನು ತಡವಾಗಿ ನೋಡಬೇಕು. ಕ್ಯಾಥರೀನ್ ಹೆಪ್‌ಬರ್ನ್‌ಗೆ ಮೊದಲಿಗೆ ಹಾಸ್ಯ ಒಗ್ಗಲಿಲ್ಲ. ನಗಿಸಬೇಕೆಂದು ಹೆಣಗುತ್ತಿದ್ದಾರೆ ಎಂದು ಕಂಡ ಹಾಕ್ಸ್, ರಂಗಭೂಮಿಯ ಹಳೆಯ ಹಾಸ್ಯನಟ ವಾಲ್ಟರ್ ಕ್ಯಾಟ್ಲೆಟ್‌ರನ್ನು ಕರೆಸಿ ಪಾಠ ಹೇಳಿಸಿದರು. ಎಷ್ಟೇ ಅಸಂಬದ್ಧ ಮಾತನ್ನೂ ಗಂಭೀರವಾಗಿ ನಂಬಿ ಆಡಬೇಕೆಂಬುದು ಆ ಪಾಠದ ತಿರುಳು. ಕ್ಯಾಟ್ಲೆಟ್ ಚಿತ್ರದಲ್ಲಿ ಕಾನ್‌ಸ್ಟೇಬಲ್ ಆಗಿಯೂ ಬರುತ್ತಾರೆ. ಹೋಟೆಲಿನಲ್ಲಿ ಸೂಸನ್‌ಳ ಗೌನಿನ ಹಿಂಭಾಗ ಹರಿದಾಗ ಗ್ರಾಂಟ್ ಅವಳ ಬೆನ್ನಿಗೆ ಅಂಟಿಕೊಂಡು, ಹೆಜ್ಜೆಗೆ ಹೆಜ್ಜೆ ಸೇರಿಸಿ ಹೊರನಡೆಯುವ ದೃಶ್ಯವನ್ನು ನೋಡಿ: ಸೆನ್ಸಾರಿನ ಕಾಲದಲ್ಲಿ ಇಬ್ಬರನ್ನು ಇಷ್ಟು ಹತ್ತಿರ ತರಲು ಒಂದು ಅಪಘಾತವೇ ಬೇಕಾಗಿತ್ತು.

ಬಿಡುಗಡೆಯಾದಾಗ ಚಿತ್ರ ಸೋತಿತು; ಅದೇ ವರ್ಷ ಚಿತ್ರಮಂದಿರದ ಮಾಲೀಕರ ಗುಂಪೊಂದು ಹೆಪ್‌ಬರ್ನ್ ಸೇರಿದಂತೆ ಹಲವು ತಾರೆಯರು ಗಲ್ಲಾಪೆಟ್ಟಿಗೆಗೆ ವಿಷವೆಂದು ಜಾಹೀರಾತು ಕೊಟ್ಟಿತು. ಹೆಪ್‌ಬರ್ನ್ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕವೊಂದರಲ್ಲಿ ಗೆದ್ದು, ಅದರ ಚಿತ್ರಹಕ್ಕನ್ನು ತಮ್ಮ ಕೈಯಲ್ಲಿಟ್ಟುಕೊಂಡೇ ಹಾಲಿವುಡ್‌ಗೆ ಮರಳಿದರು. ಅದು ‘ದಿ ಫಿಲಡೆಲ್ಫಿಯಾ ಸ್ಟೋರಿ’ (1940). ನಯವಾದ ಚಿತ್ರ, ಜೇಮ್ಸ್ ಸ್ಟೂವರ್ಟ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಆದರೆ ತನ್ನ ಪರಸ್ತ್ರೀ ಸಹವಾಸಕ್ಕೂ ಮಗಳ ನಿಷ್ಠುರ ಸ್ವಭಾವವೇ ಕಾರಣವೆಂದು ತಂದೆ ಉಪದೇಶ ಮಾಡುವ ದೃಶ್ಯವನ್ನು ಇಂದು ತಾಳ್ಮೆಯಿಂದ ಕೇಳುವುದು ಕಷ್ಟ.

ಆರನೆಯದು: ‘ದಿ ಲೇಡಿ ಈವ್’ (1941)

ಒಂದೇ ಚಿತ್ರವನ್ನು ಆರಿಸಿಕೊಳ್ಳಬೇಕಾದರೆ ನಾನು ಇದನ್ನು ಆರಿಸಿಕೊಳ್ಳುತ್ತೇನೆ. ಬರೆದು ನಿರ್ದೇಶಿಸಿದವರು ಪ್ರೆಸ್ಟನ್ ಸ್ಟರ್ಜಸ್. ಅಮೆಜಾನ್ ಕಾಡಿನಿಂದ ಹಡಗಿನಲ್ಲಿ ಮರಳುತ್ತಿರುವ, ಹಾವುಗಳ ಹೊರತು ಬೇರೇನೂ ತಿಳಿಯದ ಸಿರಿವಂತನ ಮಗ ಚಾರ್ಲ್ಸ್ ಆಗಿ ಹೆನ್ರಿ ಫೋಂಡಾ. ಇಸ್ಪೀಟಿನಲ್ಲಿ ಶ್ರೀಮಂತರನ್ನು ಬೋಳಿಸುವ ತಂದೆಯ ಕೈಕೆಳಗೆ ಪಳಗಿದ ಜೀನ್ ಆಗಿ ಬಾರ್ಬರಾ ಸ್ಟ್ಯಾನ್‌ವಿಕ್. ಊಟದ ಕೋಣೆಯಲ್ಲಿ ಜೀನ್ ಅವನಿಗೆ ಬೆನ್ನು ಹಾಕಿ ಕೂತು, ಪೌಡರ್ ಡಬ್ಬಿಯ ಕನ್ನಡಿಯಲ್ಲಿ ಅವನನ್ನು ಗಮನಿಸುತ್ತಿರುತ್ತಾಳೆ. ಹಡಗಿನ ಹೆಂಗಸರೆಲ್ಲ ಅವನ ಗಮನ ಸೆಳೆಯಲು ಪಡುವ ಪಾಡನ್ನು, ಕ್ರಿಕೆಟ್ ವೀಕ್ಷಕ ವಿವರಣೆಯ ಧಾಟಿಯಲ್ಲಿ, ತಂದೆಗೆ ಕೇಳುವಂತೆ ಬಣ್ಣಿಸುತ್ತಾಳೆ. ಅವರು ಆಡಬಹುದಾದ ಮಾತುಗಳನ್ನೂ ತಾನೇ ಆಡಿ ತೋರಿಸುತ್ತಾಳೆ. ಕನ್ನಡಿಯೊಳಗಿನ ಚಿತ್ರವೇ ಪರದೆ ತುಂಬಿರುವುದರಿಂದ ಅವಳೇ ನಮಗೊಂದು ಮೂಕಚಿತ್ರ ತೋರಿಸಿ ಧ್ವನಿ ಕೊಡುತ್ತಿರುವಂತಿರುತ್ತದೆ. ಕೊನೆಗೆ ಅವನು ಎದ್ದು ಪಕ್ಕದಲ್ಲಿ ಹಾದುಹೋಗುವಾಗ ಕಾಲು ಚಾಚಿ ಬೀಳಿಸುತ್ತಾಳೆ, ತನ್ನ ಷೂವಿನ ಹಿಮ್ಮಡಿ ಮುರಿದದ್ದಕ್ಕೆ ಅವನನ್ನೇ ದೂರುತ್ತಾಳೆ, ಬೇರೆ ಜೋಡಿ ತೊಡಿಸಲೆಂದು ತನ್ನ ಕೋಣೆಗೆ ಕರೆದೊಯ್ಯುತ್ತಾಳೆ.

ದ್ವಿತೀಯಾರ್ಧದಲ್ಲಿ ಅವಳು ಇಂಗ್ಲೆಂಡಿನ ಕುಲೀನ ಮಹಿಳೆಯೆಂದು ಹೇಳಿಕೊಂಡು ಅವನ ಮನೆಗೇ ಬರುತ್ತಾಳೆ, ವೇಷವನ್ನೇನೂ ಮರೆಸದೆ. ಇಷ್ಟೊಂದು ಹೋಲಿಕೆ ಇರುವುದರಿಂದ ಇವಳು ಅವಳಾಗಿರಲು ಸಾಧ್ಯವೇ ಇಲ್ಲ ಎಂದು ಅವನು ವಾದಿಸುತ್ತಾನೆ. ಅಲ್ಲಿ ಫೋಂಡಾ ಎಷ್ಟು ಸಲ ಬೀಳುತ್ತಾರೆಂದು ಎಣಿಸುವುದಕ್ಕಿಂತ, ಸ್ಟ್ಯಾನ್‌ವಿಕ್ ಯಾವ ಕ್ಷಣದಲ್ಲಿ ಆಟವನ್ನು ನಿಲ್ಲಿಸಿ ನಿಜವಾಗಿ ನೋಯುತ್ತಾರೆಂಬುದನ್ನು ಹಿಡಿಯಲು ಪ್ರಯತ್ನಿಸಿ.

ಇನ್ನು ತಾರೆಯರ ಜಾಡು ಹಿಡಿಯಿರಿ

ಆರು ಚಿತ್ರಗಳಾದ ಮೇಲೆ ಇಸವಿಯನ್ನೂ ಪಟ್ಟಿಗಳನ್ನೂ ಬದಿಗಿಟ್ಟು, ಯಾರ ಧ್ವನಿ ಕಿವಿಯಲ್ಲಿ ಉಳಿದಿದೆಯೋ ಅವರನ್ನು ಹಿಂಬಾಲಿಸುವುದೇ ಸರಿಯಾದ ದಾರಿ. ಸ್ಟ್ಯಾನ್‌ವಿಕ್ ಮೆಚ್ಚಿದವರು ‘ಬಾಲ್ ಆಫ್ ಫೈರ್’ (1941) ನೋಡಬೇಕು. ಕೋಲ್ಬೇರ್‌ಗಾಗಿ ‘ಮಿಡ್‌ನೈಟ್’ (1939), ಅನಂತರ ಸ್ಟರ್ಜಸ್‌ರ ‘ದಿ ಪಾಮ್ ಬೀಚ್ ಸ್ಟೋರಿ’ (1942). ಇಲ್ಲಿಯವರೆಗೆ ಹೆಸರಿಸದ ಜೀನ್ ಆರ್ಥರ್‌ರ ಒಡಕು ದನಿಗೆ ಸಮನಾದ ದನಿ ಹಾಲಿವುಡ್‌ನಲ್ಲಿ ಇನ್ನೊಂದಿಲ್ಲ. ಬಡ ಟೈಪಿಸ್ಟ್ ಹುಡುಗಿಯ ತಲೆಯ ಮೇಲೆ ಆಕಾಶದಿಂದಲೋ ಎಂಬಂತೆ ದುಬಾರಿ ತುಪ್ಪಳದ ಕೋಟು ಬೀಳುವ ‘ಈಸಿ ಲಿವಿಂಗ್’ (1937) ಅವರನ್ನು ಪರಿಚಯಿಸಿಕೊಳ್ಳಲು ತಕ್ಕ ಚಿತ್ರ. ಲೊಂಬಾರ್ಡ್‌ಗಾಗಿ ‘ಟ್ವೆಂಟಿಯತ್ ಸೆಂಚುರಿ’ (1934), ಟೆಕ್ನಿಕಲರ್ ಬಣ್ಣದಲ್ಲಿಯೇ ತಯಾರಾದ ‘ನಥಿಂಗ್ ಸೇಕ್ರೆಡ್’ (1937), ಮತ್ತು ನಾಜಿಗಳನ್ನು ಗೇಲಿ ಮಾಡುವ ‘ಟು ಬಿ ಆರ್ ನಾಟ್ ಟು ಬಿ’ (1942). ಯುದ್ಧನಿಧಿಯ ಬಾಂಡ್ ಮಾರಾಟದ ಪ್ರವಾಸ ಮುಗಿಸಿ ಹಿಂದಿರುಗುವಾಗ, 1942ರ ಜನವರಿ 16ರಂದು ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಈ ಕೊನೆಯ ಚಿತ್ರ ತೆರೆಕಂಡದ್ದು ಅನಂತರ.

ಇವುಗಳಲ್ಲಿ ಹಲವು ಚಿತ್ರಗಳು ಕಪ್ಪು ಜನರನ್ನು ಸೇವಕರನ್ನಾಗಿ, ರೈಲಿನ ಪರಿಚಾರಕರನ್ನಾಗಿ ಮಾತ್ರ ತೋರಿಸುತ್ತವೆ, ಅವರನ್ನು ನಗೆಪಾಟಲಿಗೂ ಗುರಿಮಾಡುತ್ತವೆ. ‘ದಿ ಪಾಮ್ ಬೀಚ್ ಸ್ಟೋರಿ’ಯ ರೈಲಿನ ದೃಶ್ಯಗಳು ಇದಕ್ಕೆ ನಿದರ್ಶನ. ಮಕ್ಕಳೊಂದಿಗೆ ನೋಡುವವರು ಆ ಬಗ್ಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು.

ಯುದ್ಧದ ವರ್ಷಗಳಲ್ಲಿ ಈ ಪ್ರಕಾರ ಸೊರಗಿತು, ಅನಂತರ ಆಗಾಗ ಅನುಕರಣೆಗಳು ಬಂದವು. ಪೀಟರ್ ಬೊಗ್ದಾನೊವಿಚ್ ನಿರ್ದೇಶನದ ‘ವಾಟ್ಸ್ ಅಪ್, ಡಾಕ್?’ (1972) ಅವುಗಳಲ್ಲಿ ಅತ್ಯಂತ ನಿಷ್ಠಾವಂತವಾದದ್ದು. ಬಾರ್ಬರಾ ಸ್ಟ್ರೈಸಾಂಡ್ ನಟಿಸಿದ್ದಾರೆ, ಬಣ್ಣದಲ್ಲಿದೆ ಎಂಬ ಆಕರ್ಷಣೆಯಿಂದ ಅದನ್ನೇ ಮೊದಲು ನೋಡಲು ಮನಸ್ಸಾಗಬಹುದು. ‘ಬ್ರಿಂಗಿಂಗ್ ಅಪ್ ಬೇಬಿ’ ಆದ ಮೇಲೆ ನೋಡಿದರೆ ಅದರ ಅರ್ಧದಷ್ಟು ತಮಾಷೆಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ.